ಐದು ವರ್ಷ, ಎರಡು ಪ್ರಿಲಿಮ್ಸ್: ‘ಕೆಎಎಸ್ ಓದುವ ಹುಡುಗ’ನ ಪ್ರಕರಣ

ಈ ಪ್ರಕರಣದಲ್ಲಿ ಹೆಸರು, ಊರು, ಕುಟುಂಬದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ. ಪರೀಕ್ಷೆಯ ದಿನಾಂಕ, ವಯೋಮಿತಿ, ಯೋಜನೆಗಳ ಮೊತ್ತ ಮಾತ್ರ ಇದ್ದದ್ದು ಇದ್ದ ಹಾಗೇ ಇವೆ. ಅವನ್ನು ಬಿಟ್ಟರೆ ಈ ಹುಡುಗ ಯಾವಾಗ ಯಾಕೆ ಹಾಗೆ ನಡೆದುಕೊಂಡ ಎನ್ನುವುದು ಅರ್ಥವಾಗುವುದಿಲ್ಲ.

ಹಿನ್ನೆಲೆ

ಮಹೇಶನಿಗೆ 2024ರ ಆಗಸ್ಟ್‌ನಲ್ಲಿ 27 ವರ್ಷ. ಉತ್ತರ ಕರ್ನಾಟಕದ ಎರೆಭೂಮಿಯ ಊರು, ಆರು ಎಕರೆ ಒಣಬೇಸಾಯ. ಅಕ್ಕನ ಮದುವೆಯಾಗಿದೆ. ತಮ್ಮ ಪಿಯುಸಿಗೇ ಓದು ಬಿಟ್ಟು ಹೊಲ ನೋಡಿಕೊಳ್ಳುತ್ತಾನೆ. ಮಹೇಶ ಕೃಷಿಕರ ಮಕ್ಕಳ ಕೋಟಾದಲ್ಲಿ ಸೀಟು ಪಡೆದು 2019ರಲ್ಲಿ ಬಿಎಸ್ಸಿ ಅಗ್ರಿ ಮುಗಿಸಿದ. ಮನೆತನದಲ್ಲಿ ಮೊದಲ ಪದವೀಧರ. ಕೊನೆಯ ವರ್ಷದಲ್ಲೇ ಊರಿನವರು ಅವನನ್ನು ‘ಸಾಹೇಬ’ ಎಂದು ಕರೆಯಲು ಶುರುಮಾಡಿದ್ದರು. ಮೊದಲು ಚೇಷ್ಟೆಗೆ, ಆಮೇಲೆ ನಿಜವಾಗಿ.

ಪದವಿ ಮುಗಿದ ಎರಡೇ ತಿಂಗಳಿಗೆ ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಸೇರಿದ. ಫೀ 75 ಸಾವಿರ, ಪಿಜಿ ಮತ್ತು ಊಟಕ್ಕೆ ತಿಂಗಳಿಗೆ 11 ಸಾವಿರ. 2020ರ ಮಾರ್ಚ್‌ನ ಲಾಕ್‌ಡೌನ್‌ಗೆ ಊರಿಗೆ ಬಂದವನು ಅಲ್ಲಿಂದಲೇ ಆ ವರ್ಷದ ಆಗಸ್ಟ್‌ನಲ್ಲಿ ಗೆಜೆಟೆಡ್ ಪ್ರೊಬೇಷನರ್, ಅಂದರೆ ಕೆಎಎಸ್, ಪ್ರಿಲಿಮ್ಸ್ ಬರೆದ. 106 ಹುದ್ದೆ. ತನ್ನ ವರ್ಗದ ಕಟ್-ಆಫ್‌ಗೆ ಆರು ಅಂಕ ಕಡಿಮೆ ಬಿತ್ತು. ಪ್ರಿಲಿಮ್ಸ್‌ನಲ್ಲಿ ಒಂದೊಂದು ಪ್ರಶ್ನೆಗೆ ಎರಡು ಅಂಕ, ಅಂದರೆ ಮೂರು ಪ್ರಶ್ನೆ. “ಆರ ಮಾರ್ಕ್ಸಿಗೆ ಹೋತು” ಎನ್ನುವುದು ಆ ಮನೆಯಲ್ಲಿ ನಾಲ್ಕು ವರ್ಷ ಓಡಾಡಿದ ಮಾತು.

ನಾಲ್ಕು ವರ್ಷ ಯಾಕೆ ಓಡಾಡಿತು ಎಂಬುದನ್ನು ಗಮನಿಸಬೇಕು. 2020ರ ನಂತರ ಕೆಎಎಸ್‌ಗೆ ಮುಂದಿನ ಅಧಿಸೂಚನೆ ಹೊರಬಿದ್ದದ್ದು 2024ರ ಫೆಬ್ರವರಿಯಲ್ಲಿ, 384 ಹುದ್ದೆಗಳಿಗೆ. ನಡುವೆ ಪರೀಕ್ಷೆಯೇ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ಫೇಲಾಗುವ ಪ್ರಶ್ನೆಯೂ ಇಲ್ಲ. ‘ಸ್ವಲ್ಪದರಲ್ಲಿ ತಪ್ಪಿದವನು’ ಎಂಬ ಹಳೆಯ ಗುರುತು ಮಾಸದೆ ಹಾಗೇ ಉಳಿಯಿತು. 2021ರ ಜನವರಿಯಿಂದ ಧಾರವಾಡದ ಸಪ್ತಾಪುರದಲ್ಲಿ ರೂಮು, ಮೆಸ್ಸು, ರೀಡಿಂಗ್ ರೂಮು ಸೇರಿ ತಿಂಗಳಿಗೆ ಏಳು ಸಾವಿರ ಖರ್ಚು. ಒಟ್ಟು ಲೆಕ್ಕ ಹಾಕಿದರೆ ಐದು ವರ್ಷಕ್ಕೆ ಸುಮಾರು ಐದು ಲಕ್ಷ. ಅದರಲ್ಲಿ ಒಂದಿಷ್ಟು ಸೊಸೈಟಿ ಸಾಲ, ಉಳಿದದ್ದು ಕಡಲೆ ಮಾರಿದ ದುಡ್ಡು.

ಈ ಅವಧಿಯಲ್ಲಿ ಅವನು ಬೇಡವೆಂದು ಬಿಟ್ಟ ಪರೀಕ್ಷೆಗಳ ಪಟ್ಟಿ ಬರೆದ ಪರೀಕ್ಷೆಗಳಿಗಿಂತ ಉದ್ದ. 2021ರ ಪಿಎಸ್‌ಐಗೆ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆ) ಅರ್ಜಿ ಹಾಕಲಿಲ್ಲ. ಕೆಎಎಸ್ ಮಾಡುವವನಿಗೆ ಪಿಎಸ್‌ಐ ಯಾಕೆ ಎಂದು ರೂಮಿನವರು ನಗುತ್ತಿದ್ದರು. (ಆ 545 ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾಗಿ 2024ರ ಜನವರಿಯಲ್ಲಿ ಮರುಪರೀಕ್ಷೆ ಆದಾಗ ‘ಹಾಕದ್ದು ಚಲೋ ಆತು’ ಎಂಬ ಸಮಾಧಾನವೂ ಸಿಕ್ಕಿತು.) ಪ್ರಥಮ ದರ್ಜೆ ಸಹಾಯಕರ ಎಫ್‌ಡಿಎ ಬರೆಯಲಿಲ್ಲ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ, ಹುಡುಗರು ಎಎಫ್‌ಒ ಎನ್ನುವ ಪರೀಕ್ಷೆಗೆ, ಅವನ ಪದವಿಯೇ ಅರ್ಹತೆ. ಪ್ರತಿವರ್ಷ ಕರೆಯುವ ಅದನ್ನೂ ಬರೆಯಲಿಲ್ಲ.

ಮೊದಲ ಎರಡು ಭೇಟಿ

2024ರ ಆಗಸ್ಟ್ 27ರ ಪ್ರಿಲಿಮ್ಸ್ ಚೆನ್ನಾಗಿ ಆಗಲಿಲ್ಲ. ಎರಡು ದಿನ ರೂಮಿನಿಂದ ಹೊರಗೆ ಬರಲಿಲ್ಲವೆಂದು ಅಕ್ಕ ಬಂದು ವೃತ್ತಿ ಸಮಾಲೋಚಕರ ಬಳಿ ಕರೆತಂದಳು. ನಿದ್ದೆಯಿಲ್ಲ, ಊಟ ಒಂದೇ ಹೊತ್ತು. ವೃತ್ತಿಯ ಮಾತಿಗೆ ಮೊದಲು ಮಾಡಬೇಕಾದದ್ದು ಖಿನ್ನತೆಯ ತಪಾಸಣೆ. ಪಿಎಚ್‌ಕ್ಯು-9ರ ಒಂಬತ್ತು ಪ್ರಶ್ನೆಗಳಿಗೆ 27ರಲ್ಲಿ 11 ಬಂತು, ಮಧ್ಯಮ ಮಟ್ಟ. ಒಂಬತ್ತನೆಯ ಪ್ರಶ್ನೆ, ಬದುಕೇ ಬೇಡ ಎನ್ನಿಸುವ ಬಗ್ಗೆ ಕೇಳುವುದು, ಸೊನ್ನೆ ಇತ್ತು. ಅದು ಸೊನ್ನೆಯಲ್ಲದಿದ್ದರೆ ಅಥವಾ ಒಟ್ಟು 15 ದಾಟಿದ್ದರೆ ಮನೋವೈದ್ಯರನ್ನು ಕಾಣದೆ ವೃತ್ತಿ ಸಮಾಲೋಚನೆ ಮುಂದುವರಿಸುವಂತಿಲ್ಲ. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಅವನ ಫೋನಿನಲ್ಲೂ ಅಕ್ಕನ ಫೋನಿನಲ್ಲೂ ಅಲ್ಲೇ ಸೇವ್ ಮಾಡಿಸಲಾಯಿತು.

ಆ ದಿನ ಅವನು ಹೇಳಿದ್ದು ಒಂದೇ: “ಮುಗೀತ್ರಿ ಮೇಡಂ. ಇನ್ನ ಏನ್ ಮಾಡ್ಲಿ ನೀವ ಹೇಳ್ರಿ.”

ಎರಡನೇ ಭೇಟಿಗೆ ಬಂದವನು ಬೇರೆಯೇ ಮನುಷ್ಯ. ನಡುವೆ ಸೆಪ್ಟೆಂಬರ್ 2ರಂದು, ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದ ತಪ್ಪುಗಳಿಂದಾಗಿ ಮರುಪರೀಕ್ಷೆ ನಡೆಸುವ ನಿರ್ಧಾರವನ್ನು ಸರ್ಕಾರ ಪ್ರಕಟಿಸಿತ್ತು. ಗಡ್ಡ ಬೋಳಿಸಿದ್ದ, ಕೈಯಲ್ಲಿ ಹೊಸ ಟೈಮ್‌ಟೇಬಲ್. ಬೇರೆ ಉದ್ಯೋಗದ ಮಾತೆತ್ತಿದರೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಈ ತಿರುವು ಪ್ರಕರಣದ ನಿಜವಾದ ಸಮಸ್ಯೆಯನ್ನು ತೋರಿಸಿತು. ಕೆನಡಾ ಮತ್ತು ಅಮೆರಿಕದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ, ಮನೋವಿಶ್ಲೇಷಕ ಎರಿಕ್ ಎರಿಕ್ಸನ್‌ರ ಚಿಂತನೆಯನ್ನು ಮುಂದುವರಿಸಿ, 1966ರಲ್ಲಿ ಹರೆಯದವರ ಗುರುತನ್ನು ಎರಡು ಪ್ರಶ್ನೆಗಳಿಂದ ಅಳೆದರು: ಬೇರೆ ದಾರಿಗಳನ್ನು ಹುಡುಕಿ ನೋಡಿದ್ದಾರಾ? ಒಂದಕ್ಕೆ ಕಟ್ಟುಬಿದ್ದಿದ್ದಾರಾ? ಇದರಿಂದ ನಾಲ್ಕು ಸ್ಥಿತಿಗಳಾಗುತ್ತವೆ. ಹುಡುಕಾಟವೂ ಇಲ್ಲ, ಬದ್ಧತೆಯೂ ಇಲ್ಲ. ಹುಡುಕುತ್ತಿದ್ದಾರೆ, ಇನ್ನೂ ನಿಂತಿಲ್ಲ. ಹುಡುಕಿ ನಿಂತಿದ್ದಾರೆ. ಹುಡುಕದೆಯೇ ನಿಂತುಬಿಟ್ಟಿದ್ದಾರೆ. ಐದು ವರ್ಷದಿಂದ ಪರೀಕ್ಷೆಗೆ ಓದುತ್ತಿರುವ ಹುಡುಗನನ್ನು ನೋಡಿದ ಕೂಡಲೇ ಎರಡನೆಯ ಸ್ಥಿತಿ, ಇನ್ನೂ ದಾರಿ ಹುಡುಕುತ್ತಿದ್ದಾನೆ, ಎಂದು ಬರೆದುಕೊಳ್ಳುವುದು ಸುಲಭ. ಆದರೆ ಮಹೇಶ ಹುಡುಕುತ್ತಿರಲಿಲ್ಲ. 22ಕ್ಕೇ ನಿರ್ಧಾರ ಮುಗಿಸಿ ಬಾಗಿಲು ಹಾಕಿಕೊಂಡಿದ್ದ. ನಾಲ್ಕನೆಯ ಸ್ಥಿತಿ ಅವನದು.

ಎರಡಕ್ಕೂ ಚಿಕಿತ್ಸೆ ಬೇರೆ. ಹುಡುಕುತ್ತಿರುವವನಿಗೆ ಹೊಸ ಆಯ್ಕೆಗಳ ಮಾಹಿತಿ ಕೊಟ್ಟರೆ ಅದು ನೆರವು. ಬಾಗಿಲು ಹಾಕಿಕೊಂಡವನಿಗೆ ಅದೇ ಮಾಹಿತಿ ‘ನೀನು ಆಗಲಾರೆ’ ಎಂಬ ತೀರ್ಪಿನಂತೆ ಕೇಳುತ್ತದೆ. ಹತ್ತು ಉದ್ಯೋಗದ ಪಟ್ಟಿ ಕೊಟ್ಟು ಕಳಿಸುವ ಸಮಾಲೋಚನೆ ಇಂಥವರ ಮೇಲೆ ಕೆಲಸ ಮಾಡದಿರುವುದು ಇದಕ್ಕೇ.

ಆಸಕ್ತಿ ಪರೀಕ್ಷೆ ಹೇಳಿದ ಸುಳ್ಳು

ಮೊದಲಿಗೆ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಮಾದರಿಯ ಆಸಕ್ತಿ ಪಟ್ಟಿ ಕೊಡಲಾಯಿತು. ಆರು ಬಗೆಯ ಒಲವುಗಳಲ್ಲಿ ಜನರನ್ನು ಮುನ್ನಡೆಸುವುದು ಮತ್ತು ಜನಸೇವೆ ಎರಡೂ ತುತ್ತತುದಿಗೆ ಬಂದವು. ಕೆಎಎಸ್ ಅಧಿಕಾರಿಯ ಅಚ್ಚು. ಕೈಕೆಲಸ, ಹೊರಗಿನ ಕೆಲಸ ತೀರಾ ಕೆಳಗೆ. ಕೃಷಿ ಪದವೀಧರ, ಅದರಲ್ಲೂ ಹೊಲದಲ್ಲಿ ಬೆಳೆದವನಿಗೆ ಇದು ವಿಚಿತ್ರ. ಕೇಳಿದಾಗ ತಿಳಿದದ್ದು: ಪ್ರತಿ ಪ್ರಶ್ನೆಗೂ ಅವನು ತನ್ನ ಉತ್ತರ ಕೊಟ್ಟಿರಲಿಲ್ಲ, ಮುಂದೆ ತಾನಾಗಲಿರುವ ಅಧಿಕಾರಿ ಏನು ಹೇಳುತ್ತಾನೋ ಅದನ್ನು ಗುರುತು ಹಾಕಿದ್ದ. ಸಂದರ್ಶನಕ್ಕೆ ತಯಾರಾದವರು ಹೀಗೆ ಮಾಡುವುದು ಅಪರೂಪವಲ್ಲ, ವ್ಯಕ್ತಿತ್ವದ ಉತ್ತರಗಳನ್ನೂ ಬಾಯಿಪಾಠ ಮಾಡಿರುತ್ತಾರೆ.

ಎರಡನೇ ಸಲ ಸೂಚನೆ ಬದಲಾಯಿತು. ಇಷ್ಟವೋ ಇಲ್ಲವೋ ಎಂದು ಹೇಳಬೇಡಿ, ಈ ಕೆಲಸವನ್ನು ನೀವು ಕೊನೆಯದಾಗಿ ಯಾವಾಗ ಮಾಡಿದಿರಿ, ಮುಗಿದಾಗ ಇನ್ನಷ್ಟು ಮಾಡಬೇಕು ಅನ್ನಿಸಿತಾ ಎಂದಷ್ಟೇ ಬರೆಯಿರಿ. ಹಾಳೆಯ ಬಹುಪಾಲು ಖಾಲಿ ಉಳಿಯಿತು. ತುಂಬಿದ ಜಾಗಗಳಲ್ಲಿ ಎರಡಕ್ಕೆ ಒಂದು ‘ರಾವೆ’ಗೆ ಸಂಬಂಧಿಸಿದ್ದು. ಬಿಎಸ್ಸಿ ಅಗ್ರಿಯ ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು ಮಾಡುವ ಕಾರ್ಯಾನುಭವವನ್ನು ವಿದ್ಯಾರ್ಥಿಗಳು ಹಾಗೆನ್ನುತ್ತಾರೆ. ಅಲ್ಲಿ ಬೀಜೋಪಚಾರದ ಪ್ರಾತ್ಯಕ್ಷಿಕೆ ಮಾಡಿದ್ದು, ರಾತ್ರಿ ಕಟ್ಟೆಯ ಮೇಲೆ ರೈತರ ಸಭೆ ಕೂಡಿಸಿದ್ದು, ಒಬ್ಬ ಯಜಮಾನರು ಮರುವರ್ಷವೂ ಫೋನ್ ಮಾಡಿ ಕಡಲೆಯ ಸಿಡಿ ರೋಗದ ಬಗ್ಗೆ ಕೇಳಿದ್ದು. ಐದು ವರ್ಷದಲ್ಲಿ ಅವನು ಇದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ದಿನದ ಲೆಕ್ಕ

ಎರಡು ವಾರ ಅರ್ಧರ್ಧ ಗಂಟೆಯ ಮನೆಗಳಿರುವ ಹಾಳೆಯಲ್ಲಿ ಏನು ಮಾಡಿದೆ ಎಂದು ಬರೆದಿಡುವುದು ಮುಂದಿನ ಕೆಲಸ. ಷರತ್ತು ಒಂದು: ಆಯಾ ಹೊತ್ತಿಗೇ ಬರೆಯಬೇಕು, ರಾತ್ರಿ ಕೂತು ನೆನಪಿಸಿಕೊಂಡು ತುಂಬಿದರೆ ಓದಿನ ಗಂಟೆಗಳು ತಾವಾಗಿ ಹಿಗ್ಗುತ್ತವೆ. ರೀಡಿಂಗ್ ರೂಮಿನಲ್ಲಿ ಸರಾಸರಿ ಹತ್ತೂವರೆ ಗಂಟೆ. ಅದರಲ್ಲಿ ಪುಸ್ತಕ ತೆರೆದು ಓದಿದ್ದು ನಾಲ್ಕಕ್ಕಿಂತ ಕಡಿಮೆ. ಉಳಿದದ್ದು ಚಹಾ, ಟೆಲಿಗ್ರಾಂ ಗುಂಪು, ‘ಕೇಸ್ ಏನಾತು, ಡೇಟ್ ಯಾವಾಗ’ ಎಂಬ ಚರ್ಚೆ.

ಇದನ್ನು ಸೋಮಾರಿತನವೆಂದು ಓದಿದರೆ ತಪ್ಪಾಗುತ್ತದೆ. ಹಾಳೆಯಲ್ಲಿ ನಿಜವಾಗಿ ಕಣ್ಣಿಗೆ ಹೊಡೆದದ್ದು ಬೇರೆ: ಹದಿನಾಲ್ಕು ದಿನದಲ್ಲಿ ಒಂದೂ ಪೂರ್ಣ ಮಾದರಿ ಪರೀಕ್ಷೆ ಇಲ್ಲ. ದುಡ್ಡು ಕೊಟ್ಟು ಕೊಂಡ ಟೆಸ್ಟ್ ಸೀರೀಸ್ ಮೂರಿದ್ದವು, ಮೂರೂ ಅರ್ಧಕ್ಕೆ ನಿಂತಿದ್ದವು. ಓದುವುದು ಗುರುತನ್ನು ಕಾಯುತ್ತದೆ, ಅಂಕ ಬರುವುದು ಗುರುತಿಗೆ ಅಪಾಯ. ಹಾಗಾಗಿ ಓದು ನಡೆಯುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ವರ್ಷಗಟ್ಟಲೆ ತಯಾರಿಯಲ್ಲಿರುವ ಯಾರನ್ನೇ ಆಗಲಿ ಕೇಳಬೇಕಾದ ಮೊದಲ ಪ್ರಶ್ನೆ ದಿನಕ್ಕೆ ಎಷ್ಟು ಗಂಟೆ ಓದುತ್ತೀರಿ ಎಂಬುದಲ್ಲ. ಕೊನೆಯದಾಗಿ ಗಡಿಯಾರ ಇಟ್ಟುಕೊಂಡು ಪೂರ್ತಿ ಪತ್ರಿಕೆ ಬರೆದದ್ದು ಯಾವಾಗ, ಎಷ್ಟು ಬಂತು ಎಂದು ಕೇಳಬೇಕು.

ಮಹೇಶ ಅಕ್ಟೋಬರ್‌ನಲ್ಲಿ ಮೂರು ಜೋಡಿ ಪತ್ರಿಕೆ ಬರೆದ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುವ ನಿಯಮವನ್ನೂ ಹಾಕಿಯೇ ಎಣಿಸಲಾಯಿತು. ಮೂರೂ ಸಲ ಅವನೇ ಇಟ್ಟುಕೊಂಡ ಗುರಿಗಿಂತ ಮೂವತ್ತು ಅಂಕಕ್ಕೂ ಹೆಚ್ಚು ಕೆಳಗೆ. ಆರು ಅಂಕದ ಕತೆ ಮುಗಿದದ್ದು ಅಲ್ಲಿ.

ಮನೆಯವರು

ಅಪ್ಪ ಮತ್ತು ತಮ್ಮನನ್ನು ಬೇರೆ ಬೇರೆ ದಿನ ಕರೆಸಲಾಯಿತು. ಒಟ್ಟಿಗೆ ಕೂರಿಸಿದರೆ ಅಪ್ಪನೊಬ್ಬನೇ ಮಾತಾಡುತ್ತಾನೆ.

ಅಪ್ಪನಿಗೆ ದುಡ್ಡಿನ ಚಿಂತೆ ನಾವು ಊಹಿಸಿದಷ್ಟು ಇರಲಿಲ್ಲ. “ಹೊಲಾ ಐತಿ, ರೊಕ್ಕ ಹೆಂಗರ ಆಗ್ತೈತಿ. ನಾಕ್ ಮಂದ್ಯಾಗ ನಾ ಏನಂತ ಹೇಳ್ಲಿ ಮೇಡಂ?” ಎಂದರು. ಮಗ ನಿಲ್ಲಿಸಿದ ಎಂದು ಹೇಳುವುದು ಅವರಿಂದ ಆಗದ ಕೆಲಸ. ಇಂಥ ಕಡೆ ‘ಜನ ಏನಾದರೂ ಅಂದುಕೊಳ್ಳಲಿ’ ಎಂದು ಬುದ್ಧಿ ಹೇಳಿ ಪ್ರಯೋಜನವಿಲ್ಲ. ಅವರು ಆ ಊರಲ್ಲೇ ಬದುಕಬೇಕು. ಹೇಳಿಕೊಳ್ಳಲು ಇನ್ನೊಂದು ನಿಜವಾದ ಮಾತು ಅವರ ಕೈಗೆ ಸಿಗಬೇಕು, ಅಷ್ಟೇ.

ತಮ್ಮ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: “ಅಣ್ಣಗ ನೌಕ್ರಿ ಆದಮ್ಯಾಲ ನನ್ ಮದಿವಿ ಅಂದಾರ. ಯಾವಾಗ ಅಂತ ನಾ ಅಂವಗ ಕೇಳಂಗಿಲ್ಲ.” ಬೋರ್‌ವೆಲ್ ಹಾಕಿಸಿ ಎರಡು ಎಕರೆ ಮೆಣಸಿನಕಾಯಿ ಮಾಡುವ ಅವನ ಯೋಚನೆಯೂ ಅದೇ ಕಾರಣಕ್ಕೆ ನಿಂತಿತ್ತು. ಆರು ಎಕರೆಯಲ್ಲಿ ಯಾರ ಪಾಲು ಎಷ್ಟು, ಅಣ್ಣ ಹೊಲಕ್ಕೆ ಬರುತ್ತಾನಾ ಇಲ್ಲವಾ, ಯಾವುದೂ ಇತ್ಯರ್ಥವಾಗಿರಲಿಲ್ಲ. ಒಬ್ಬನ ನಿರ್ಧಾರ ತಡವಾದರೆ ಮನೆಯಲ್ಲಿ ಇನ್ನೊಬ್ಬನ ಬದುಕೂ ತಡವಾಗುತ್ತದೆ. ಸಮಾಲೋಚಕರು ಇದನ್ನು ಮಹೇಶನಿಗೆ ತಾವೇ ಹೇಳಲಿಲ್ಲ. ತಮ್ಮನ ಒಪ್ಪಿಗೆ ಪಡೆದು, ಅವನ ಬಾಯಿಂದಲೇ ಹೇಳಿಸಿದರು. ಆ ದಿನ ಮಹೇಶ ಉತ್ತರ ಕೊಡಲಿಲ್ಲ, ಮುಂದಿನ ವಾರ ಬಂದಾಗ ಒಂದು ಹಾಳೆ ಬರೆದು ತಂದಿದ್ದ.

ನಿಲುಗಡೆಯ ಹಾಳೆ

ಅವನು ಬರೆದು ತಂದದ್ದು ಹೀಗಿತ್ತು: ‘ಮರುಪರೀಕ್ಷೆಯ ಫಲಿತಾಂಶ ನೋಡಿ ಮುಂದಿನದನ್ನು ತೀರ್ಮಾನಿಸುತ್ತೇನೆ.’ ಒಳ್ಳೆಯ ಉದ್ದೇಶದ, ಕೆಲಸಕ್ಕೆ ಬಾರದ ಹಾಳೆ. ಫಲಿತಾಂಶ ಯಾವಾಗ ಬರುತ್ತದೋ, ಬಂದ ಮೇಲೆ ಯಾರು ನ್ಯಾಯಮಂಡಳಿಗೆ ಹೋಗುತ್ತಾರೋ ಇವನ ಕೈಯಲ್ಲಿಲ್ಲ. ನಿಲುಗಡೆಯನ್ನು ಇನ್ನೊಬ್ಬರ ಪ್ರಕಟಣೆಗೆ ಕಟ್ಟಿದರೆ ಅದು ನಿಲುಗಡೆಯಲ್ಲ, ಇನ್ನೊಂದು ಕಾಯುವಿಕೆ. ತಿದ್ದಿದ ಹಾಳೆಯಲ್ಲಿ ಇದ್ದದ್ದು ನಾಲ್ಕು ಮಾತು:

ಮರುಪರೀಕ್ಷೆ ಎಂದೇ ಆಗಲಿ, ಪೂರ್ಣಕಾಲದ ಓದು ಡಿಸೆಂಬರ್ 31ಕ್ಕೆ ನಿಲ್ಲುತ್ತದೆ. ಜನವರಿಯಿಂದ ಮನೆಯಿಂದ ದುಡ್ಡು ಬರುವುದಿಲ್ಲ, ಧಾರವಾಡದ ರೂಮು ಖಾಲಿ. ಆಮೇಲೆ ಯಾವ ಪರೀಕ್ಷೆ ಬೇಕಾದರೂ ಬರೆಯಬಹುದು, ಕೆಲಸ ಮಾಡುತ್ತಲೇ ಬರೆಯಬೇಕು. ನವೆಂಬರ್‌ನಿಂದ ವಾರಕ್ಕೆ ಎರಡು ದಿನ ಬೇರೆ ಕೆಲಸದ ಪರೀಕ್ಷಾರ್ಥ ರೂಢಿ.

ಮೂರನೆಯ ಮಾತೇ ಇಡೀ ಹಾಳೆಗೆ ಸಹಿ ಬೀಳುವಂತೆ ಮಾಡಿತು. ಕೆಎಎಸ್ ಬಿಡು ಎಂದು ಯಾರೂ ಅವನಿಗೆ ಹೇಳಲಿಲ್ಲ. ರಾಜ್ಯದ ಹಿಂದುಳಿದ ವರ್ಗಗಳ 3ಬಿಗೆ ಸೇರಿದವನಾದ್ದರಿಂದ ಮೂಲ ನಿಯಮದ ವಯೋಮಿತಿ 38, ಇನ್ನೂ ಹತ್ತು ವರ್ಷ ಇತ್ತು. ಆದರೆ ಎಎಫ್‌ಒಗೆ ಸಾಮಾನ್ಯ ವರ್ಗಕ್ಕೆ 30. ಅವನ ಸಮುದಾಯ ಕೇಂದ್ರದ ಒಬಿಸಿ ಪಟ್ಟಿಯಲ್ಲಿಲ್ಲ, ಆ ಮೂರು ವರ್ಷದ ಸಡಿಲಿಕೆಯೂ ಸಿಗುವುದಿಲ್ಲ. ರಾಜ್ಯದ ಮೀಸಲಾತಿಯೇ ಕೇಂದ್ರಕ್ಕೂ ನಡೆಯುತ್ತದೆಂದು ತಿಳಿದು ವರ್ಷ ಕಳೆದುಕೊಳ್ಳುವವರು ಬಹಳ ಮಂದಿ, ಮಹೇಶನೂ ಹಾಗೇ ತಿಳಿದಿದ್ದ. ಒಂದೇ ಹಾಳೆಯಲ್ಲಿ ಎಲ್ಲ ಪರೀಕ್ಷೆಗಳ ಹೆಸರು, ಅವನಿಗೆ ಅನ್ವಯಿಸುವ ವಯೋಮಿತಿ, ಉಳಿದ ವರ್ಷ ಬರೆಸಿದಾಗ ಕ್ರಮ ತಲೆಕೆಳಗಾಯಿತು: ಇಷ್ಟು ದಿನ ‘ಸಣ್ಣದು’ ಎಂದು ಬಿಟ್ಟಿದ್ದು ಮೊದಲು ಮುಚ್ಚುತ್ತದೆ, ‘ದೊಡ್ಡದು’ ಕಾಯುತ್ತದೆ.

ಹೋದ ಮಂಗಳವಾರ ಏನು ಮಾಡಿದಿರಿ?

ಪರೀಕ್ಷಾರ್ಥ ಕೆಲಸಕ್ಕೆ ಮೊದಲು ನಾಲ್ಕು ಜನರನ್ನು ಮಾತಾಡಿಸಲು ಕಳಿಸಲಾಯಿತು. ಒಬ್ಬ ತಹಶೀಲ್ದಾರರು, ಒಬ್ಬ ಬ್ಯಾಂಕಿನ ಕೃಷಿ ಅಧಿಕಾರಿ, ಒಂದು ಬೀಜ ಕಂಪನಿಯ ಫೀಲ್ಡ್ ಆಫೀಸರ್, ರೈತರೇ ಸೇರಿ ಕಟ್ಟಿಕೊಂಡ ಒಂದು ರೈತ ಉತ್ಪಾದಕ ಕಂಪನಿಯ ಸಿಇಒ. ನಿಮ್ಮ ಸಾಧನೆ ಏನು, ಹೇಗೆ ಓದಿದಿರಿ ಎಂದು ಕೇಳಕೂಡದು. ಅದಕ್ಕೆ ಸಿಗುವುದು ಸನ್ಮಾನದ ಭಾಷಣ. ಕೇಳಬೇಕಾದದ್ದು: ಹೋದ ಮಂಗಳವಾರ ಬೆಳಗ್ಗೆ ಹತ್ತರಿಂದ ಸಂಜೆ ಆರರ ತನಕ ಏನೇನು ಮಾಡಿದಿರಿ? ಅದರಲ್ಲಿ ಬೇಸರದ್ದು ಯಾವುದು? ಕೈಗೆ ಬರುವ ಸಂಬಳ ಎಷ್ಟು? ಈ ಕೆಲಸ ಬಿಟ್ಟುಹೋದವರು ಯಾಕೆ ಬಿಟ್ಟರು?

ತಹಶೀಲ್ದಾರರ ಮಂಗಳವಾರ ಖಾತೆ ಬದಲಾವಣೆಯ ತಕರಾರು, ಪಹಣಿ ತಿದ್ದುಪಡಿ, ಮಧ್ಯಾಹ್ನ ಮೇಲಧಿಕಾರಿಗಳ ವಿಡಿಯೊ ಕಾನ್ಫರೆನ್ಸ್, ಸಂಜೆ ಗಣ್ಯರೊಬ್ಬರ ಭೇಟಿಯ ಏರ್ಪಾಡು. “ದಿನಾ ಅಣ್ತಮ್ಮರ ಜಗಳಾ ಕೇಳೂದ ಐತ್ರಿ” ಎಂದು ಬಂದು ಹೇಳಿದ. ಕೆಲಸವನ್ನು ಅವನು ಕೀಳಾಗಿ ಕಾಣಲಿಲ್ಲ, ಅಲ್ಲಿಯ ತನಕ ಅದನ್ನು ಕಂಡೇ ಇರಲಿಲ್ಲ. ಬ್ಯಾಂಕಿನವರದು ಕಿಸಾನ್ ಕ್ರೆಡಿಟ್ ಕಾರ್ಡ್ ನವೀಕರಣ, ವಸೂಲಿ, ವಿಮೆ ಮಾರುವ ಟಾರ್ಗೆಟ್, ಹೊರರಾಜ್ಯದ ವರ್ಗಾವಣೆ. ಬೀಜ ಕಂಪನಿಯವರದು ಬೈಕಿನ ಮೇಲೆ ದಿನಕ್ಕೆ ನೂರು ಕಿಲೋಮೀಟರ್. ಮಹೇಶ ಎರಡು ಸಲ ಹೋದದ್ದು ರೈತ ಕಂಪನಿಗೆ ಮಾತ್ರ. ಎರಡನೆಯ ಸಲ ಯಾರೂ ಕಳಿಸಿರಲಿಲ್ಲ.

ಹಿಂಗಾರಿನ ಎರಡು ತಿಂಗಳು

ನವೆಂಬರ್, ಡಿಸೆಂಬರ್‌ನಲ್ಲಿ ವಾರಕ್ಕೆ ಒಂದು ದಿನ ತಾಲ್ಲೂಕಿನ ಗೊಬ್ಬರ-ಔಷಧದ ಅಂಗಡಿ, ಒಂದು ದಿನ ಆ ರೈತ ಕಂಪನಿ. ಎರಡೂ ಕಡೆ ಸಂಬಳವಿಲ್ಲ, ಬಸ್ ಚಾರ್ಜು ಮತ್ತು ಊಟ. ದಿನದ ಕೊನೆಗೆ ಮೂರು ಸಾಲು ಬರೆಯಬೇಕು: ಯಾವ ಹೊತ್ತು ಗಡಿಯಾರ ನೋಡಲಿಲ್ಲ, ಯಾವ ಕೆಲಸ ನಾಳೆಗೆ ತಳ್ಳಿದೆ, ಯಾರು ಮತ್ತೆ ಹುಡುಕಿಕೊಂಡು ಬಂದರು. ಮೂರನೆಯದು ಮುಖ್ಯ. ತನ್ನ ಬಗ್ಗೆ ತಾನು ಅಂದುಕೊಳ್ಳುವುದಕ್ಕಿಂತ ಬೇರೆಯವರ ನಡವಳಿಕೆ ಹೆಚ್ಚು ನಂಬಿಕೆಯ ಸಾಕ್ಷಿ.

ಅಂಗಡಿಯ ಪ್ರಯೋಗ ಬೇಗ ಮುರಿಯಿತು. ಕಡಲೆಗೆ ಹಸಿರು ಕಾಯಿಕೊರಕ ಬಿದ್ದಿದೆ, ಔಷಧ ಕೊಡಿ ಎಂದು ಬಂದ ರೈತರೊಬ್ಬರ ಹೊಲಕ್ಕೆ ಮಹೇಶ ಹೋಗಿ ಸಾಲು ಎಣಿಸಿದ. ಒಂದು ಮೀಟರ್ ಸಾಲಿಗೆ ಒಂದು ಮರಿಹುಳ ಕಂಡರೆ ಸಿಂಪರಣೆಗೆ ಇಳಿಯಬೇಕೆಂಬುದು ಅವನು ಕಲಿತ ಲೆಕ್ಕ. ಅಲ್ಲಿ ಐದಾರು ಮೀಟರಿಗೆ ಒಂದು ಸಿಕ್ಕಿತು. ಈಗ ಬೇಡ, ಎಕರೆಗೆ ಎರಡು ಮೋಹಕ ಬಲೆ ಹಾಕಿ, ಹಕ್ಕಿ ಕೂರಲು ಕೋಲು ನೆಡಿ, ವಾರ ಬಿಟ್ಟು ನೋಡೋಣ ಎಂದ. ರೈತರಿಗೆ ಔಷಧದ ಖರ್ಚು ಉಳಿಯಿತು, ಅಂಗಡಿಗೆ ವ್ಯಾಪಾರ ಹೋಯಿತು. “ಅಂಗಡಿ ನಡೀಬೇಕಲ್ಲೋ ತಮ್ಮಾ” ಎಂದು ಮಾಲೀಕರು ಬೇಸರ ಮಾಡಿಕೊಂಡರು. ಅವರದೂ ತಪ್ಪಲ್ಲ. ಸಲಹೆ ಪುಕ್ಕಟೆ, ಲಾಭ ಬಾಟಲಿಯಲ್ಲಿ ಎನ್ನುವ ವ್ಯಾಪಾರದಲ್ಲಿ ಈ ಜಗಳ ದಿನವೂ ಇರುತ್ತದೆ. ಮಹೇಶ ಡಿಸೆಂಬರ್ ಮೊದಲ ವಾರ ಅಂಗಡಿ ಬಿಟ್ಟ. ಪ್ರಯೋಗ ಸೋತಿತೆಂದು ಇದನ್ನು ಎಣಿಸಬಾರದು. ಸ್ವಂತ ಅಂಗಡಿಗೆ ಸಾಲ ಮಾಡಿ ಎರಡು ವರ್ಷ ಬಿಟ್ಟು ತಿಳಿಯಬೇಕಾದದ್ದು ಕೆಲವೇ ದಿನದಲ್ಲಿ ತಿಳಿಯಿತು.

ಆ ರೈತರು ಮಾತ್ರ ಫೋನ್ ಮಾಡುತ್ತಲೇ ಇದ್ದರು. ಡಿಸೆಂಬರ್ ಕೊನೆಗೆ ಮೂರನೆಯ ಸಾಲಿನಲ್ಲಿ ಹದಿಮೂರು ಬೇರೆ ಬೇರೆ ಹೆಸರಿದ್ದವು.

ಅದೇ ತಿಂಗಳು ಅವನಿಗೆ ಕೊಟ್ಟ ಇನ್ನೊಂದು ಕೆಲಸ ಬಲು ಕಷ್ಟದ್ದು: ನೆಂಟರ ಮದುವೆಗೆ ಹೋಗಬೇಕು, ಏನ್ ಮಾಡಾಕತ್ತಿ ಎಂದರೆ ಕೆಎಎಸ್‌ನಿಂದ ಶುರುಮಾಡಬಾರದು. “ರೈತ ಕಂಪನ್ಯಾಗ ಕಡಲಿ ಬೆಳಿ ನೋಡ್ಕೋತೀನಿ, ಪರೀಕ್ಷಾನೂ ಬರಿಯಾಕತ್ತೀನಿ.” ಎರಡು ವರ್ಷದಿಂದ ಅವನು ಮದುವೆಗಳಿಗೇ ಹೋಗಿರಲಿಲ್ಲ. ಹೋಗಿ ಬಂದು, ಮೂರು ಜನ ಕೇಳಿದರು, ಮೂವರೂ ತಮ್ಮ ಕಡಲೆಯ ಮಾತು ತೆಗೆದರು, ಪರೀಕ್ಷೆಯ ಬಗ್ಗೆ ಯಾರೂ ಮುಂದೆ ಕೇಳಲಿಲ್ಲ ಎಂದ. ಅಪ್ಪನಿಗೆ ನಾಲ್ಕು ಮಂದಿಯಲ್ಲಿ ಹೇಳಿಕೊಳ್ಳಲು ಮಾತು ಸಿಕ್ಕಿದ್ದೂ ಇದರಿಂದಲೇ.

ಹಾಳೆ ಹರಿಯುವ ಹೊತ್ತು

ಮರುಪರೀಕ್ಷೆ ಡಿಸೆಂಬರ್ 29ರಂದು ನಡೆಯಿತು. ಮತ್ತೆ ಅನುವಾದದ ತಪ್ಪುಗಳ ದೂರು, ಮತ್ತೆ ಪ್ರತಿಭಟನೆ. ಮೂರನೆಯ ಸಲ ಪರೀಕ್ಷೆ ಆಗುತ್ತದಂತೆ ಎಂಬ ಸುದ್ದಿ ಗುಂಪುಗಳಲ್ಲಿ ಹರಿದಾಡಿತು. ಮಹೇಶ ಫೋನ್ ಮಾಡಿ ಇನ್ನು ಮೂರು ತಿಂಗಳು ನೋಡ್ತೀನಿ ಎಂದ. ಕನ್ನಡದಲ್ಲಿ ಬರೆಯುವ ಹಳ್ಳಿಯ ಹುಡುಗರಿಗೆ ಅನ್ಯಾಯವಾಗಿದೆ ಎಂಬ ಅವನ ಸಿಟ್ಟು ನ್ಯಾಯವಾದದ್ದೇ, ಅದನ್ನು ಅಲ್ಲಗಳೆಯಲು ಹೋದರೆ ಸಮಾಲೋಚನೆ ಅಲ್ಲಿಗೇ ಮುಗಿಯುತ್ತಿತ್ತು. ಸಮಾಲೋಚಕರು ಎರಡನ್ನು ಬೇರೆ ಮಾಡಿದರು: ಹೋರಾಟಕ್ಕೆ ಹೋಗಿ, ಅದಕ್ಕೆ ಸಪ್ತಾಪುರದ ರೂಮು ಬೇಕಿಲ್ಲ.

ಆದರೂ ಜನವರಿ ಇಡೀ ರೂಮು ಖಾಲಿಯಾಗಲಿಲ್ಲ, ತಿಂಗಳ ಬಾಡಿಗೆಯನ್ನು ಗೆಳೆಯನ ಹತ್ತಿರ ಸಾಲ ಮಾಡಿ ಕಟ್ಟಿದ. ಕೊನೆಗೆ ಅವನನ್ನು ಎಬ್ಬಿಸಿದ್ದು ಅರಿವಲ್ಲ, ಹಾಳೆಯ ಮೇಲಿನ ಸಹಿಯೂ ಅಲ್ಲ. ರೈತ ಕಂಪನಿಯ ಹಿಂದಿನ ಸಿಇಒ ಬಿಟ್ಟುಹೋದರು, ಆಡಳಿತ ಮಂಡಳಿ ಇವನನ್ನೇ ಕರೆಯಿತು, ಪತ್ರದಲ್ಲಿ ಫೆಬ್ರವರಿ 1ಕ್ಕೆ ಹಾಜರಾಗಬೇಕೆಂದಿತ್ತು. ನವೆಂಬರ್‌ನಲ್ಲಿ ಅಲ್ಲಿ ಪುಕ್ಕಟೆ ದುಡಿಯದಿದ್ದರೆ ಆ ಪತ್ರ ಬರುತ್ತಿರಲಿಲ್ಲ. ಯೋಚನೆ ಪಕ್ವವಾದ ಮೇಲೆ ಹೆಜ್ಜೆ ಇಡೋಣ ಎಂದು ಕಾಯುವವರಿಗೆ ಈ ಪ್ರಕರಣ ತದ್ವಿರುದ್ಧವನ್ನು ತೋರಿಸುತ್ತದೆ.

ಕೆಲಸಕ್ಕೆ ಸೇರಿದ ಎರಡು ವಾರಕ್ಕೆ ಅವನ ಪಿಎಚ್‌ಕ್ಯು-9 ಏಳರಿಂದ ಹನ್ನೆರಡಕ್ಕೆ ಏರಿತು. ಇದು ಅನೇಕರು ನಿರೀಕ್ಷಿಸದ ಹಂತ. ನಿರ್ಧಾರವಾಯಿತು, ಇನ್ನೇನು ಎಂದು ಭೇಟಿ ನಿಲ್ಲಿಸುವ ಹೊತ್ತಿಗೇ ಕಳೆದುಕೊಂಡದ್ದರ ದುಃಖ ಶುರುವಾಗುತ್ತದೆ. ಐದು ವರ್ಷ ತಾನೆಂದುಕೊಂಡವನು ಇಲ್ಲವಾಗಿದ್ದಾನೆ. ಬೆಳಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಓದಲು ಏನೂ ಇಲ್ಲ. ಹಾಗಾಗಿ ಸೇರಿದ ಮೊದಲ ಆರು ವಾರ ವಾರಕ್ಕೊಂದು ಫೋನ್ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಾರ್ಚ್‌ನಲ್ಲಿ ಕಡಲೆ ಖರೀದಿಯ ಗಲಾಟೆ ಏರಿತು. ಕ್ವಿಂಟಲ್‌ಗೆ 5,650 ರೂಪಾಯಿ ಬೆಂಬಲ ಬೆಲೆಗೆ ನೋಂದಣಿ, ತೇವಾಂಶ ಪರೀಕ್ಷೆ, ಚೀಲದ ಲೆಕ್ಕ. ಅಂಕ ಆರಕ್ಕೆ ಇಳಿಯಿತು.

ಒಂದು ವರ್ಷದ ನಂತರ

ಸಂಬಳ ತಿಂಗಳಿಗೆ 22 ಸಾವಿರ. ಕೆಎಎಸ್ ಪ್ರಿಲಿಮ್ಸ್ ಪಾಸಾಗಲಿಲ್ಲ. ಎಎಫ್‌ಒ ಬರೆದ, ಪ್ರಿಲಿಮ್ಸ್ ದಾಟಿ ಮೇನ್ಸ್‌ನಲ್ಲಿ ಸೋತ. ಆ ಸುದ್ದಿಯನ್ನು ಗೊಬ್ಬರದ ಲಾರಿ ಇಳಿಸುವ ನಡುವೆ ಫೋನಿನಲ್ಲಿ ಒಂದೇ ಮಾತಲ್ಲಿ ಹೇಳಿ, ಬೇರೆ ವಿಷಯಕ್ಕೆ ಹೋದ. 2024ರ ಆಗಸ್ಟ್‌ನಲ್ಲಿ ಇಂಥದ್ದೇ ಸುದ್ದಿಗೆ ಎರಡು ದಿನ ಬಾಗಿಲು ಹಾಕಿಕೊಂಡವನು ಇವನೇ. ತಮ್ಮನಿಗೆ ಹೆಣ್ಣು ನೋಡುತ್ತಿದ್ದಾರೆ. ಬೋರ್‌ವೆಲ್‌ನ ಮಾತು ಇನ್ನೂ ಮಾತಾಗಿಯೇ ಇದೆ, ಅಪ್ಪನಿಗೆ ಮತ್ತೆ ಸಾಲ ಬೇಡವಾಗಿದೆ.

ಈ ಕೆಲಸವೂ ಗಟ್ಟಿ ನೆಲವಲ್ಲ. 2020ರಲ್ಲಿ ಶುರುವಾದ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಕೇಂದ್ರ ಯೋಜನೆಯಲ್ಲಿ ಒಂದು ಸಂಸ್ಥೆಗೆ ಮೂರು ವರ್ಷಕ್ಕೆ 18 ಲಕ್ಷದ ತನಕ ನೆರವು, ಸಿಇಒ ಸಂಬಳಕ್ಕೆ ತಿಂಗಳಿಗೆ ಗರಿಷ್ಠ 25 ಸಾವಿರ. ಮೂರು ವರ್ಷ ಮುಗಿದ ಮೇಲೆ ಸಂಬಳ ಕಂಪನಿಯ ವ್ಯಾಪಾರದಿಂದಲೇ ಹುಟ್ಟಬೇಕು. ಇವನ ಕಂಪನಿಗೆ ಆ ನೆರವು 2026ರ ಕೊನೆಗೆ ನಿಲ್ಲುತ್ತದೆ. ಇವನಿಗೆ 30 ತುಂಬುವುದು 2027ರಲ್ಲಿ. ಹಾಗಾಗಿ ಈಗಿನ ಹಾಳೆಯಲ್ಲಿರುವುದು ಮೂರು ಸಾಲು: ವಯಸ್ಸು ಮೀರುವ ಮುನ್ನ ಎಎಫ್‌ಒ ಮತ್ತೆ ಬರೆಯುವುದು, ಈ ಸಲ ಮೇನ್ಸ್‌ನ ಕೃಷಿ ಪತ್ರಿಕೆಯನ್ನೇ ಮೊದಲು ಹಿಡಿಯುವುದು. ಕಂಪನಿಯ ಬೀಜ-ಗೊಬ್ಬರ ವ್ಯಾಪಾರದ ಲಾಭ ಸಿಇಒ ಸಂಬಳದಷ್ಟಾದರೂ ಆಗುತ್ತಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡುವುದು. ಆಗದಿದ್ದರೆ ಕೇಂದ್ರದ ಅಗ್ರಿ ಕ್ಲಿನಿಕ್ ಯೋಜನೆಯ 45 ದಿನದ ಉಚಿತ ತರಬೇತಿಗೆ 2026ರ ಮುಂಗಾರು ಮುಗಿದ ಕೂಡಲೇ ಅರ್ಜಿ ಹಾಕುವುದು. ಅದರಲ್ಲಿ ಒಬ್ಬರಿಗೆ 20 ಲಕ್ಷದ ತನಕ ಯೋಜನಾ ವೆಚ್ಚ, ಇವನ ವರ್ಗಕ್ಕೆ ಶೇ 36ರಷ್ಟು ಸಹಾಯಧನ. ಮಣ್ಣು ಪರೀಕ್ಷೆಗೂ ಹೊಲದ ಭೇಟಿಗೂ ಶುಲ್ಕ ತೆಗೆದುಕೊಳ್ಳುವ ಕೇಂದ್ರವೊಂದರ ಅಂದಾಜು ಪಟ್ಟಿಯನ್ನು ಅವನೇ ಬರೆದಿಟ್ಟುಕೊಂಡಿದ್ದಾನೆ, ಔಷಧ ಮಾರುವ ಸಾಲು ಅದರಲ್ಲಿಲ್ಲ. ಕೆಎಎಸ್‌ನ ಮುಂದಿನ ಅಧಿಸೂಚನೆಗೆ ಅರ್ಜಿ ಹಾಕುತ್ತಾನಂತೆ.